ಸ್ಕಾರ್ಪಿಯನ್ಸ್ ತಮ್ಮದೇ ಹಾಡಿನ ಸಾಲನ್ನು ತಿದ್ದಿದ್ದೇಕೆ?

2022ರ ಮಾರ್ಚ್ ಕೊನೆಯ ವಾರ, ಲಾಸ್ ವೇಗಸ್. ವೇದಿಕೆ ಮೇಲೆ ಜರ್ಮನಿಯ ರಾಕ್ ಬ್ಯಾಂಡ್ ಸ್ಕಾರ್ಪಿಯನ್ಸ್‌ನ ಹಾಡುಗಾರ ಕ್ಲೌಸ್ ಮೈನೆ ಎಂದಿನಂತೆ ಸಿಳ್ಳೆ ಹಾಕಿ 'ವಿಂಡ್ ಆಫ್ ಚೇಂಜ್' ಶುರು ಮಾಡಿದರು. ಆ ಸಿಳ್ಳೆ ಕಿವಿಗೆ ಬಿದ್ದರೆ ಸಾಕು, ಮುಂದಿನ ಸಾಲು ಜನರ ಬಾಯಿಗೆ ತಾನಾಗಿ ಬರುತ್ತದೆ. ಮಾಸ್ಕೋದ ಮಾಸ್ಕ್ವಾ ನದಿಯ ಗುಂಟ ಗೋರ್ಕಿ ಪಾರ್ಕ್‌ವರೆಗೆ ಹೋಗುವ ಸಾಲು ಅದು. ಈ ಸಲ ಅದು ಬರಲಿಲ್ಲ. ಆ ಜಾಗದಲ್ಲಿ ಉಕ್ರೇನ್ ಹೆಸರು ಬಂತು.

ಮೂವತ್ತು ವರ್ಷ ಊರೂರು ತಿರುಗಿ ಹಾಡಿದ ಹಾಡು. ಅದರ ಮೊದಲ ಸಾಲನ್ನೇ ತೆಗೆದುಹಾಕುವುದು ಸಣ್ಣ ಮಾತಲ್ಲ. ಇದು ಅರ್ಥವಾಗಬೇಕಾದರೆ ಈ ಬ್ಯಾಂಡ್ ಹುಟ್ಟಿದ ಊರಿನಿಂದಲೇ ಶುರು ಮಾಡಬೇಕು.

1965ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಗಿಟಾರ್ ವಾದಕ ರುಡಾಲ್ಫ್ ಶೆಂಕರ್ ಸ್ಕಾರ್ಪಿಯನ್ಸ್ ಕಟ್ಟಿದರು. ಮೈನೆ ಬಂದು ಸೇರಿದ್ದು ಸ್ವಲ್ಪ ತಡವಾಗಿ. ಇಬ್ಬರೂ ಹುಟ್ಟಿದ್ದು 1948ರಲ್ಲಿ, ಯುದ್ಧ ಮುಗಿದ ಮೂರೇ ವರ್ಷಕ್ಕೆ. ಬಾಂಬ್ ಬಿದ್ದು ಪುಡಿಯಾಗಿದ್ದ ಊರು ಅದು. ಅಲ್ಲಿಂದ ಪೂರ್ವಕ್ಕೆ ನೂರು ಕಿ.ಮೀ. ಒಳಗೇ ಪೂರ್ವ ಜರ್ಮನಿಯ ಗಡಿ, ಮುಳ್ಳುತಂತಿ, ಕಾವಲು ಗೋಪುರ. ಇದೆಲ್ಲ ಇವರಿಗೆ ಪಕ್ಕದ ಬೀದಿಯ ವಿಷಯ.

ಮೊದಲ ಆಲ್ಬಂ 'ಲೋನ್ಸಮ್ ಕ್ರೋ' 1972ರಲ್ಲಿ ಬಂತು. ಜರ್ಮನಿಗಿಂತ ಮೊದಲು ಇವರನ್ನು ತಲೆ ಮೇಲೆ ಹೊತ್ತಿದ್ದು ಜಪಾನ್ ಅಂದರೂ ನಡೆಯುತ್ತದೆ. 1978ರಲ್ಲಿ ಟೋಕಿಯೊದಲ್ಲಿ ಇವರು 'ಕೋಜೋ ನೋ ತ್ಸುಕಿ' ಎಂಬ ಹಳೆಯ ಜಪಾನಿ ಹಾಡನ್ನು ಜಪಾನಿ ಭಾಷೆಯಲ್ಲೇ ಹಾಡಿದರು. ಆ ಧ್ವನಿಮುದ್ರಣ ಇವತ್ತಿಗೂ ಕೇಳಲು ಸಿಗುತ್ತದೆ. ಹೋದ ಊರಿನವರ ಹಾಡಿಗೆ ಹೀಗೆ ಮರ್ಯಾದೆ ಕೊಡುವ ಗುಣ ನನಗೆ ತುಂಬ ಇಷ್ಟ. ಮುಂದೆ ರಷ್ಯಾದಲ್ಲಿ ನಡೆದದ್ದಕ್ಕೂ ಈ ಗುಣಕ್ಕೂ ನಂಟಿದೆ.

1981ರಲ್ಲಿ ಮೈನೆ ಗಂಟಲು ಕೈಕೊಟ್ಟಿತು. ಸ್ವರತಂತುಗಳಿಗೆ ಆಪರೇಷನ್ ಆಯಿತು. ಬೇರೆ ಹಾಡುಗಾರನನ್ನು ನೋಡಿಕೊಳ್ಳಿ ಅಂತ ಅವರೇ ಹೇಳಿದರು. ಗೆಳೆಯರು ಒಪ್ಪಲಿಲ್ಲ, ಕಾದರು. ಮರುವರ್ಷ 'ಬ್ಲ್ಯಾಕೌಟ್' ಆಲ್ಬಂನಲ್ಲಿ ಆ ದನಿ ಮೊದಲಿಗಿಂತ ಜೋರಾಗಿ ಬಂತು. 1984ರ 'ರಾಕ್ ಯು ಲೈಕ್ ಎ ಹರಿಕೇನ್' ಅಮೆರಿಕವನ್ನೂ ಗೆದ್ದುಕೊಟ್ಟಿತು.

ಆದರೆ ಪಕ್ಕದ ಪೂರ್ವ ಜರ್ಮನಿಯಲ್ಲಿ ಹಾಡಲು ಇವರಿಗೆ ದಾರಿಯೇ ಇರಲಿಲ್ಲ. ಬಾಗಿಲು ತೆರೆದದ್ದು ಅದಕ್ಕೂ ಆಚೆ, ಸೋವಿಯತ್ ಒಕ್ಕೂಟದಲ್ಲಿ. ಸೋವಿಯತ್ ನಾಯಕ ಗೋರ್ಬಚೇವ್ ಕಾಲ ಅದು. 1988ರ ಏಪ್ರಿಲ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಹತ್ತು ಶೋ ನಡೆದವು. ಮಾಸ್ಕೋದಲ್ಲೂ ಐದು ಶೋ ಆಗಬೇಕಿತ್ತು, ಅವು ರದ್ದಾದವು. ಲೆನಿನ್‌ಗ್ರಾಡ್ ಅಂದರೆ ಹಿಟ್ಲರನ ಸೈನ್ಯ 872 ದಿನ ಸುತ್ತುವರಿದು ಹಸಿವಿನಿಂದ ಸಾಯಿಸಿದ ಊರು. ಅಲ್ಲಿಗೆ ಜರ್ಮನಿಯ ಹುಡುಗರು ಗಿಟಾರ್ ಹಿಡಿದು ಹೋದರು. ನಮ್ಮ ಅಪ್ಪಂದಿರು ಟ್ಯಾಂಕ್ ತಂದಿದ್ದರು, ನಾವು ಗಿಟಾರ್ ತಂದಿದ್ದೇವೆ ಎಂಬ ಅರ್ಥದ ಮಾತನ್ನು ಶೆಂಕರ್ ಮುಂದೆ ಹಲವು ಸಲ ಹೇಳಿದ್ದಾರೆ.

ಮರುವರ್ಷ ಮಾಸ್ಕೋ ಕೂಡ ಸಿಕ್ಕಿತು. 1989ರ ಆಗಸ್ಟ್ 12 ಮತ್ತು 13, ಲೆನಿನ್ ಸ್ಟೇಡಿಯಂನಲ್ಲಿ ಶಾಂತಿಗಾಗಿ ಸಂಗೀತೋತ್ಸವ. ಬಾನ್ ಜೋವಿ, ಆಜಿ ಆಸ್ಬರ್ನ್, ಮಾಟ್ಲಿ ಕ್ರೂ ಜೊತೆ ಇವರೂ ಇದ್ದರು. ಕಾವಲಿಗೆ ಅಂತ ಸೈನಿಕರನ್ನು ನಿಲ್ಲಿಸಿದ್ದರು. ಹಾಡು ಶುರುವಾದ ಮೇಲೆ ಅವರು ಜನರ ಕಡೆಯಿಂದ ವೇದಿಕೆಯ ಕಡೆಗೆ ತಿರುಗಿದರು, ಟೋಪಿ ಮೇಲಕ್ಕೆ ಎಸೆದರು, ತಾವೂ ಪ್ರೇಕ್ಷಕರಾಗಿಬಿಟ್ಟರು. ಮೈನೆ ಇದನ್ನು ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಆ ದಿನಗಳಲ್ಲೇ ಒಂದು ಸಂಜೆ ದೋಣಿಯಲ್ಲಿ ಮಾಸ್ಕ್ವಾ ನದಿ ಮೇಲೆ ಗೋರ್ಕಿ ಪಾರ್ಕ್‌ಗೆ ಹೋದರು. ದೋಣಿಯಲ್ಲಿ ಬೇರೆ ಬೇರೆ ದೇಶದ ಸಂಗೀತಗಾರರು, ಪತ್ರಕರ್ತರು, ಸೋವಿಯತ್ ಸೈನಿಕರು. ಎಲ್ಲರಿಗೂ ಗೊತ್ತಿದ್ದ ಭಾಷೆ ಸಂಗೀತ ಒಂದೇ.

ಅಂದರೆ ಆ ಸಾಲು ಸುಮ್ನೆ ಕಲ್ಪಿಸಿದ್ದಲ್ಲ, ಕಂಡಿದ್ದು. ಮನೆಗೆ ಮರಳಿದ ಮೇಲೆ ಮೈನೆ ಹಾಡು ಬರೆದರು. ಬ್ಯಾಂಡ್‌ನಲ್ಲಿ ರಾಗ ಕಟ್ಟುವ ಕೆಲಸ ಜಾಸ್ತಿ ಶೆಂಕರ್ ಅವರದು. ಇದರ ಮಾತು, ರಾಗ ಎರಡೂ ಮೈನೆಯದೇ. ಗಿಟಾರ್ ಬರಬೇಕಾದ ಜಾಗದಲ್ಲಿ ಅವರು ಸಿಳ್ಳೆ ಹಾಕಿದ್ದರು. ಹೆವಿ ಮೆಟಲ್ ಬ್ಯಾಂಡ್‌ಗೆ ಸಿಳ್ಳೆ ಯಾಕೆ, ತೆಗೆಯಿರಿ ಎಂದಿತ್ತು ರೆಕಾರ್ಡ್ ಕಂಪನಿ. ತೆಗೆದು ನೋಡಿದರು, ಹಾಡು ಸಪ್ಪೆಯಾಯಿತು. ಮತ್ತೆ ಸೇರಿಸಿದರು.

ಅದೇ ವರ್ಷದ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿತ್ತು. ಹಾಡು 'ಕ್ರೇಜಿ ವರ್ಲ್ಡ್' ಆಲ್ಬಂನಲ್ಲಿ ಹೊರಬಂದದ್ದು ಅದಾದ ಒಂದು ವರ್ಷಕ್ಕೆ. ಗೋಡೆ ಬಿದ್ದದ್ದಕ್ಕೇ ಬರೆದ ಹಾಡು ಅಂತ ಈಗಲೂ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ, ಅದು ಮಾಸ್ಕೋದ ಹಾಡು. ರಷ್ಯನ್ ಭಾಷೆಯಲ್ಲೂ ಹಾಡಿದರು. 1991ರ ಡಿಸೆಂಬರ್ 14ರಂದು ಗೋರ್ಬಚೇವ್ ಇವರನ್ನು ಕ್ರೆಮ್ಲಿನ್‌ಗೆ ಕರೆಸಿಕೊಂಡರು. ಹನ್ನೊಂದು ದಿನ ಕಳೆದು ಅವರೇ ಅಧಿಕಾರ ಬಿಟ್ಟರು.

ಆಮೇಲೆ ಬ್ಯಾಂಡ್ ಜಗತ್ತೆಲ್ಲ ತಿರುಗಿತು. 2007ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿಗೂ ಬಂತು, ಶಿಲ್ಲಾಂಗ್‌ಗೂ ಹೋಯಿತು. 2010ರಲ್ಲಿ ವಿದಾಯ ಹೇಳಿದರು, ಆದರೆ ನಿಲ್ಲಿಸಲು ಮನಸ್ಸು ಬರಲಿಲ್ಲ. 2020ರಲ್ಲಿ ಒಂದು ಪಾಡ್‌ಕಾಸ್ಟ್ ಈ ಹಾಡನ್ನು ಬರೆಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇರಬಹುದೇ ಎಂಬ ಗುಮಾನಿಯ ಬೆನ್ನುಹತ್ತಿತು. ಮೈನೆ ಅದನ್ನು ಅಲ್ಲಗಳೆದರು. ಆ ದೋಣಿ, ಆ ಸೈನಿಕರ ಕಥೆ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ ಅಲ್ವಾ?

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮರುದಿನವೇ ಸ್ಕಾರ್ಪಿಯನ್ಸ್‌ನ ಹೊಸ ಆಲ್ಬಂ 'ರಾಕ್ ಬಿಲೀವರ್' ಬಿಡುಗಡೆ. ಮುಂದಿನ ತಿಂಗಳು ಲಾಸ್ ವೇಗಸ್ ಶೋ. ಇಂಥ ಯುದ್ಧದ ನಡುವೆ ರಷ್ಯಾವನ್ನು ಚಂದ ಮಾಡಿ ಹಾಡುವ ಹೊತ್ತಲ್ಲ ಇದು ಎಂದರು ಮೈನೆ. ಹಾಡನ್ನು ಕೈಬಿಡಬಹುದಿತ್ತು, ಹಳೆಯದು ಹಾಗೇ ಇರಲಿ ಅಂತ ಸುಮ್ಮನಿರಬಹುದಿತ್ತು. ಎರಡೂ ಮಾಡಲಿಲ್ಲ. ಗಾಳಿ ಬದಲಾಗಲಿ ಎಂದು ಉಕ್ರೇನ್ ಕಾಯುತ್ತಿದೆ ಅನ್ನುವ ಹೊಸ ಸಾಲು ಬರೆದರು. ಆಗ ಅವರಿಗೆ 73 ವರ್ಷ.

ತಾನು ಕಣ್ಣಾರೆ ಕಂಡ ನದಿಯ ಹೆಸರನ್ನೇ ತನ್ನ ಹಾಡಿನಿಂದ ತೆಗೆಯುವಾಗ ಆ ಮನುಷ್ಯನಿಗೆ ಎಷ್ಟು ನೋವಾಗಿರಬೇಡ. ಸಿಳ್ಳೆಯನ್ನು ಮಾತ್ರ ಅವರು ಹಾಗೇ ಉಳಿಸಿಕೊಂಡರು.