ರಾಜಿಯಾದ ಪೇಟೆಂಟ್ ದಾವೆ, ಕಟ್ಟಿದ ಕೋರ್ಟ್ ಶುಲ್ಕ: ವಾಪಸಾತಿಯ ಗೋಜಲಿನ ಹಿನ್ನೆಲೆ

ತೊಗರಿಯ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದವರೊಬ್ಬರು, ಕಲಬುರಗಿಯ ದಾಲ್ ಮಿಲ್‌ಗಳಿಗೆ ಬೇರೊಬ್ಬರು ಅದೇ ಬಗೆಯ ಯಂತ್ರ ಮಾರುತ್ತಿದ್ದಾರೆಂದು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರೆಂದು ಇಟ್ಟುಕೊಳ್ಳೋಣ. ಕೇಳಿದ ನಷ್ಟ ಪರಿಹಾರದ ಮೊತ್ತಕ್ಕೆ ತಕ್ಕಂತೆ ಅವರು ಕೋರ್ಟ್ ಶುಲ್ಕ ಕಟ್ಟಿರುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಇಬ್ಬರೂ ಮಾತುಕತೆಗೆ ಕುಳಿತು, ಒಬ್ಬರು ಲೈಸೆನ್ಸ್ ಕೊಡಲು, ಇನ್ನೊಬ್ಬರು ಯಂತ್ರಕ್ಕಿಷ್ಟೆಂದು ಹಣ ಕೊಡಲು ಒಪ್ಪುತ್ತಾರೆ. ಇನ್ನು ದಾವೆ ಹಿಂಪಡೆದರೆ ಮುಗಿಯಿತು. ಆದರೆ ಕಟ್ಟಿದ ಶುಲ್ಕದ ಗತಿಯೇನು ಎಂಬ ಪ್ರಶ್ನೆಗೆ ಪೂರ್ತಿ ಬರುತ್ತದೆ, ಅರ್ಧ ಬರುತ್ತದೆ, ಏನೂ ಬರುವುದಿಲ್ಲ ಎಂಬ ಮೂರೂ ಉತ್ತರಗಳಿಗೆ ಕಾನೂನಿನಲ್ಲಿ ಆಧಾರವಿದೆ.

ಗೋಜಲಿನ ಬೇರು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಪೇಟೆಂಟ್ ಕೇಂದ್ರ ಪಟ್ಟಿಯ ವಿಷಯ. ಸುಪ್ರೀಂ ಕೋರ್ಟ್ ಹೊರತುಪಡಿಸಿ ಉಳಿದ ನ್ಯಾಯಾಲಯಗಳ ಶುಲ್ಕ ರಾಜ್ಯ ಪಟ್ಟಿಯದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ್ ಮತ್ತು ಆಗ ಕಲಬುರಗಿ ಜಿಲ್ಲೆಗೇ ಸೇರಿದ್ದ ಯಾದಗಿರಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಎರಡು ವರ್ಷಗಳ ನಂತರ, 1958ರಲ್ಲಿ, ರಾಜ್ಯಕ್ಕೆಲ್ಲ ಅನ್ವಯಿಸುವ ನ್ಯಾಯಾಲಯ ಶುಲ್ಕ ಮತ್ತು ದಾವೆ ಮೌಲ್ಯಮಾಪನ ಕಾಯ್ದೆ ರೂಪುಗೊಂಡಿತು. ಅತ್ತ 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದು, ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ ಎಂದಿತು.

1958ರ ಕಾಯ್ದೆಯ 66ನೇ ಕಲಂ ಹೇಳುವುದಿಷ್ಟು: ದಾವೆಯ ಗುಣಾವಗುಣಗಳ ಬಗ್ಗೆ ಸಾಕ್ಷ್ಯ ದಾಖಲಾಗುವ ಮೊದಲೇ ಪಕ್ಷಗಾರರ ಒಪ್ಪಂದದಿಂದ ದಾವೆ ಮುಗಿದರೆ, ಕಟ್ಟಿದ ಶುಲ್ಕದ ಅರ್ಧವನ್ನು ಕಟ್ಟಿದವರಿಗೆ ಹಿಂದಿರುಗಿಸಬೇಕು. ಪೇಟೆಂಟ್ ದಾವೆಗಳ ಮಟ್ಟಿಗೆ ಈ ಅವಕಾಶ ಸಾಕಷ್ಟು ವಿಶಾಲವಾದದ್ದೇ. ಈ ದಾವೆಗಳ ನಿಜವಾದ ಕಾಳಗ ನಡೆಯುವುದು ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯ ಮೇಲೆ. ತಜ್ಞರ ಪ್ರಮಾಣಪತ್ರ, ನಕ್ಷೆ, ಮಾದರಿಗಳೆಲ್ಲ ಆಗಲೇ ಬಂದಿದ್ದರೂ ಮುಖ್ಯ ವಿಚಾರಣೆ ಆರಂಭವಾಗಿರುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಹೊಡೆದಾಡಿದವರಿಗೂ 66ನೇ ಕಲಮಿನ ಬಾಗಿಲು ತೆರೆದಿರುವ ಸಾಧ್ಯತೆಯಿದೆ.

ಆ ಬಾಗಿಲನ್ನು ಮುಚ್ಚುವುದು ಬಹಳ ಸಲ ದಾವೆ ಮುಗಿಸಲು ನ್ಯಾಯಾಲಯಕ್ಕೆ ಕೊಡುವ ಮೆಮೊದ (ಕಿರು ಮನವಿಯ) ಒಕ್ಕಣೆ. "ದಾವೆ ಮುಂದುವರಿಸಲು ಇಚ್ಛೆಯಿಲ್ಲ, ವಜಾ ಮಾಡಬೇಕಾಗಿ ಪ್ರಾರ್ಥನೆ" ಎಂದು ವಾದಿಯೊಬ್ಬರೇ ಸಹಿ ಮಾಡಿ ಕೊಟ್ಟರೆ, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 1ನೇ ನಿಯಮದಡಿಯ ಬರೀ ಹಿಂಪಡೆಯುವಿಕೆ. ಅದರಲ್ಲಿ ಒಪ್ಪಂದದ ಸುಳಿವೇ ಇಲ್ಲದ್ದರಿಂದ ಶುಲ್ಕ ಕೇಳಲು ಆಧಾರ ಉಳಿಯುವುದಿಲ್ಲ. ಅದೇ ಸಂಗತಿಯನ್ನು "ಉಭಯ ಪಕ್ಷಗಾರರ ನಡುವೆ ನ್ಯಾಯಾಲಯದ ಹೊರಗೆ ರಾಜಿಯಾಗಿದೆ" ಎಂದು ಬರೆದು ಇಬ್ಬರೂ ಸಹಿ ಹಾಕಿದರೆ, ಅಥವಾ 3ನೇ ನಿಯಮದಡಿ ರಾಜಿ ಅರ್ಜಿ ಸಲ್ಲಿಸಿ ಡಿಕ್ರಿ ಪಡೆದರೆ, 66ನೇ ಕಲಂ ಅನ್ವಯವಾಗುತ್ತದೆ. ಪೇಟೆಂಟೇ ಸಿಂಧುವಲ್ಲವೆಂದು ಪ್ರತಿವಾದಿ ಪ್ರತಿದಾವೆ ಹೂಡಿ ಅದಕ್ಕೆ ಶುಲ್ಕ ಕಟ್ಟಿದ್ದರೆ, ಆ ಹಣದ ಮೇಲೆ ಅವರಿಗೂ ಇದೇ ಹಕ್ಕುಂಟು. ರಾಜಿಯ ಸಂಭ್ರಮದಲ್ಲಿ ಇದು ಸಲೀಸಾಗಿ ಮರೆತುಹೋಗುವ ಮಾತು. ಒಂದೇ ಒಪ್ಪಂದದ ಫಲ ಒಂದು ವಾಕ್ಯದ ಮೇಲೆ ನಿಲ್ಲುವುದು ಕಾಯ್ದೆಯ ಉದ್ದೇಶವಾಗಿತ್ತೆಂದು ನಂಬುವುದು ಕಷ್ಟ.

ಸಿಂಧುತ್ವದ ಪ್ರತಿದಾವೆ ಬಂದ ಕೂಡಲೇ ಇಡೀ ಪ್ರಕರಣ ಹೈಕೋರ್ಟ್‌ಗೆ ವರ್ಗಾವಣೆಯಾಗಬೇಕೆಂದು ಪೇಟೆಂಟ್ ಕಾಯ್ದೆಯ 104ನೇ ಕಲಂ ವಿಧಿಸುತ್ತದೆ. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬರುವವರೆಗೆ ಇದರರ್ಥ ಸುಮಾರು 600 ಕಿ.ಮೀ. ದೂರದ ಬೆಂಗಳೂರು, 2013ರಲ್ಲಿ ಪೀಠ ಕಾಯಂ ಆಯಿತು. ಈ ಭಾಗದ ಸಣ್ಣ ಉದ್ಯಮಿಗೆ ಪ್ರತಿದಾವೆ ಹೂಡುವುದಕ್ಕಿಂತ ರಾಜಿಯೇ ಅಗ್ಗವೆನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅರ್ಧ ಶುಲ್ಕದ ಲೆಕ್ಕಾಚಾರ ಕದಲಿದ್ದು 2002ರ ಜುಲೈ 1ರಂದು. ನ್ಯಾಯಾಲಯವೇ ಪಕ್ಷಗಾರರನ್ನು ಮಧ್ಯಸ್ಥಿಕೆ, ಲೋಕ ಅದಾಲತ್ ಮುಂತಾದ ದಾರಿಗೆ ಕಳುಹಿಸುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಅಂದು ಜಾರಿಗೆ ಬಂತು. ಜೊತೆಗೆ, ಹಾಗೆ ಕಳುಹಿಸಿದ ದಾವೆಗಳಲ್ಲಿ ಪೂರ್ಣ ಶುಲ್ಕ ವಾಪಸ್ ಎಂದು ಕೇಂದ್ರದ 1870ರ ನ್ಯಾಯಾಲಯ ಶುಲ್ಕ ಕಾಯ್ದೆಗೆ 16ನೇ ಕಲಂ ಸೇರಿತು. ಲೋಕ ಅದಾಲತ್‌ನಲ್ಲಿ ರಾಜಿಯಾದ ಪ್ರಕರಣದ ಶುಲ್ಕವನ್ನು 1870ರ ಕಾಯ್ದೆಯಂತೆಯೇ ಹಿಂದಿರುಗಿಸಬೇಕೆಂದು ಕಾನೂನು ಸೇವೆಗಳ ಕಾಯ್ದೆ ಮೊದಲೇ ಹೇಳಿತ್ತು. ಅಲ್ಲಿಗೆ, ನ್ಯಾಯಾಲಯ ಕಳುಹಿಸಿದ್ದರಿಂದ ರಾಜಿಯಾದವರಿಗೆ ಪೂರ್ತಿ, ತಾವೇ ಮುಂದಾಗಿ ರಾಜಿಯಾದವರಿಗೆ ಅರ್ಧ ಎಂಬ ವಿಚಿತ್ರ ಸ್ಥಿತಿ ಹುಟ್ಟಿತು.

ಇದನ್ನು ಸರಿಪಡಿಸಲು ಕರ್ನಾಟಕ ಹೈಕೋರ್ಟ್ ತೀರ್ಪುಗಳ ಮೂಲಕ ಯತ್ನಿಸಿತು. 2021ರ ಫೆಬ್ರುವರಿಯಲ್ಲಿ ತಮಿಳುನಾಡಿನ ಪ್ರಕರಣವೊಂದನ್ನು ತೀರ್ಮಾನಿಸುವಾಗ ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ಒಪ್ಪಿಕೊಂಡಿತು. ನ್ಯಾಯಾಲಯದ ನೆರವಿಲ್ಲದೆ ಜಗಳ ಮುಗಿಸಿಕೊಂಡವರು ಪೂರ್ಣ ಶುಲ್ಕಕ್ಕೆ ಇನ್ನೂ ಹೆಚ್ಚು ಅರ್ಹರು ಎಂಬುದು ಅದರ ತಿರುಳು. ಸುಪ್ರೀಂ ಕೋರ್ಟ್‌ನ ಈ ತೀರ್ಪನ್ನು ಬರೆದವರು ಹಾವೇರಿ ಜಿಲ್ಲೆಯ ಮೂಲದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಆದರೆ ನಂತರ ಮಹಾರಾಷ್ಟ್ರದ ಕಾಯ್ದೆಯಡಿ ಬಂದ ಪ್ರಕರಣದಲ್ಲಿ, ಖಾಸಗಿಯಾಗಿ ರಾಜಿಯಾದವರಿಗೆ ಶುಲ್ಕ ಸಿಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಕ್ಕೊಂದು ಕಾಯ್ದೆ ಇರುವಾಗ ಇದು ಅನಿರೀಕ್ಷಿತವಲ್ಲ. ಆದರೂ ಕಲಬುರಗಿ, ಬೀದರ್‌ನ ವ್ಯಾಪಾರ ಸೊಲ್ಲಾಪುರ, ಲಾತೂರಿನವರೆಗೆ ಹಬ್ಬಿದೆ. ಯಂತ್ರ ಎರಡೂ ಕಡೆ ಮಾರಾಟವಾಗಿದ್ದರೆ ದಾವೆಯನ್ನೂ ಎಲ್ಲಿ ಬೇಕಾದರೂ ಹೂಡಬಹುದು, ಆದರೆ ಶುಲ್ಕದ ನಿಯಮ ಮಾತ್ರ ಗಡಿ ದಾಟಿದೊಡನೆ ಬದಲಾಗುತ್ತದೆ.

ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಆದ 2018ರ ತಿದ್ದುಪಡಿಯಿಂದಾಗಿ 3 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯಗಳಲ್ಲಿ ದಾವೆಗೆ ಮೊದಲೇ ಮಧ್ಯಸ್ಥಿಕೆ ನಡೆಯಬೇಕು. ಅಲ್ಲೇ ಮುಗಿದರೆ ಶುಲ್ಕದ ಪ್ರಶ್ನೆಯೇ ಏಳುವುದಿಲ್ಲ. ಆದರೆ ತುರ್ತು ತಡೆಯಾಜ್ಞೆ ಕೇಳುವವರಿಗೆ ಈ ಮೆಟ್ಟಿಲಿನಿಂದ ವಿನಾಯಿತಿಯಿದೆ, ಮತ್ತು ಪೇಟೆಂಟ್ ದಾವೆಗಳಲ್ಲಿ ತಡೆಯಾಜ್ಞೆ ಕೇಳದವರು ಅಪರೂಪ.

ಅರ್ಧವನ್ನಷ್ಟೇ ಹೇಳುವ 66ನೇ ಕಲಂ ಒಂದೆಡೆ, ಪೂರ್ತಿ ಎನ್ನುವ ತೀರ್ಪುಗಳು ಇನ್ನೊಂದೆಡೆ ಇರುವಾಗ, ವಾದಕ್ಕೆ ಆಸ್ಪದ ಕೊಡದಿರುವ ದಾರಿಯೊಂದಿದೆ: ಷರತ್ತುಗಳೆಲ್ಲ ಇತ್ಯರ್ಥವಾದ ಮೇಲೂ ಪ್ರಕರಣವನ್ನು ಲೋಕ ಅದಾಲತ್‌ಗೆ ಕಳುಹಿಸಬೇಕೆಂದು ಜಂಟಿ ಮೆಮೊ ಹಾಕುವುದು. ಆಗಲೇ ಕೈಕುಲುಕಿದ ಇಬ್ಬರು, ಕಟ್ಟಿದ ಹಣ ಪೂರ್ತಿ ಬರಲೆಂಬ ಒಂದೇ ಕಾರಣಕ್ಕೆ, ಇನ್ನೊಮ್ಮೆ ರಾಜಿಗೆ ಕೂರುತ್ತಾರೆ.