ಯಾವ ಹೊಗೆಗೆ ಮೊದಲು ಕಡಿವಾಣ?

1952ರ ಡಿಸೆಂಬರ್‌ನಲ್ಲಿ ಲಂಡನ್ ಐದು ದಿನ ಹೊಗೆಮಂಜಿನಲ್ಲಿ ಮುಳುಗಿತ್ತು. ಸುಮಾರು 4,000 ಜನ ಸತ್ತರು ಅಂತ ಮೊದಲು ಲೆಕ್ಕ ಹಾಕಿದರು. ಆಮೇಲಿನ ಅಧ್ಯಯನವೊಂದು ಅದನ್ನು 12,000ದವರೆಗೂ ಏರಿಸಿತು. ಯಾವುದನ್ನು ಮೊದಲು ತಡೆಯಬೇಕು ಅಂತ ತಲೆಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ, ಕಲ್ಲಿದ್ದಲ ಹೊಗೆ ಕಣ್ಣೆದುರೇ ಇತ್ತು. 1956ರಲ್ಲಿ ಕಾನೂನು ಬಂತು.

ಕಪ್ಪು ಹೊಗೆ ತಗ್ಗಿದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಗಾಳಿಯಲ್ಲಿ ಇನ್ನೂ ಹಲವು ವಿಷಗಳಿದ್ದವು: ನೈಟ್ರೋಜನ್ ಡೈಆಕ್ಸೈಡ್, ಓಝೋನ್, ಸೀಸ, ಪೆಟ್ರೋಲಿನಲ್ಲಿರುವ ಬೆಂಜೀನ್. ಒಂದರಿಂದ ಉಬ್ಬಸ ಜಾಸ್ತಿಯಾದರೆ ಇನ್ನೊಂದರಿಂದ ಕ್ಯಾನ್ಸರ್. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಒಂದೊಂದಕ್ಕೂ ಬೇರೆ ಬೇರೆ ಮಿತಿ ಹಾಕುವುದೇ ರೂಢಿಯಾಯಿತು.

1987ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 31 ಪರಿಸರ ಸಮಸ್ಯೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿತು. ತಜ್ಞರಿಗೆ ಕಂಡ ಅಪಾಯವೇ ಬೇರೆ, ಸಂಸ್ಥೆ ಗಮನ ಕೊಡುತ್ತಿದ್ದುದೇ ಬೇರೆ. ಜನ ಯಾವುದಕ್ಕೆ ಹೆದರುತ್ತಾರೋ ಅದರ ಹಿಂದೆ ಸಂಸ್ಥೆ ಓಡುತ್ತಿತ್ತು. ಸಹಜವೇ ಅಲ್ವಾ?

ದಿಕ್ಕು ಬದಲಿಸಿದ್ದು 1993ರ ಒಂದು ಅಧ್ಯಯನ. ಅಮೆರಿಕದ ಆರು ಊರುಗಳ 8,000ಕ್ಕೂ ಹೆಚ್ಚು ಜನರನ್ನು 14ರಿಂದ 16 ವರ್ಷ ಗಮನಿಸಲಾಗಿತ್ತು. ಸಿಗರೇಟಿನ ಪರಿಣಾಮವನ್ನು ಕಳೆದು ನೋಡಿದರೂ, ಅತಿ ಹೆಚ್ಚು ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ 26% ಜಾಸ್ತಿ. ಬೆರಳು ತೋರಿಸಿದ್ದು ಅತಿ ಸಣ್ಣ ಕಣಗಳ ಕಡೆಗೆ. 1997ರಲ್ಲಿ ಆ ದೇಶ ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ, ಮಿತಿ ತಂದಿತು.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷ ಜನರ ಊರು, ಗಾಳಿಯ ಪ್ರತಿ ಘನ ಮೀಟರ್‌ನಲ್ಲಿ 5 ಮೈಕ್ರೋಗ್ರಾಂ ಬೆಂಜೀನ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಒಂದು ಮೈಕ್ರೋಗ್ರಾಂ ಬೆಂಜೀನನ್ನು ಜೀವನವಿಡೀ ಉಸಿರಾಡಿದರೆ ಹತ್ತು ಲಕ್ಷದಲ್ಲಿ 6 ಜನರಿಗೆ ರಕ್ತದ ಕ್ಯಾನ್ಸರ್. ಅಂದರೆ ಇಲ್ಲಿ 70 ವರ್ಷದಲ್ಲಿ 30 ಜನ. ಅದೇ ಊರಲ್ಲಿ ವರ್ಷಕ್ಕೆ 7,000 ಸಾವು ಅಂದುಕೊಳ್ಳಿ. ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ಸಾವಿನ ಅಪಾಯ ಸುಮಾರು 8% ಏರುತ್ತದೆ. ಅಷ್ಟು ಕಣ ತಗ್ಗಿಸಿದರೆ ವರ್ಷಕ್ಕೆ ಸುಮಾರು 500 ಸಾವು ತಪ್ಪಬಹುದು. ಹೆದರಿಕೆ ಹುಟ್ಟಿಸುವ ಹೆಸರು ಬೆಂಜೀನಿನದು, ಹೊರೆ ಮಾತ್ರ ಕಣದ್ದು.

ಆದರೆ ಸಾವನ್ನಷ್ಟೇ ಎಣಿಸಿದರೆ ಸೀಸದ ಹಾನಿ ಪೂರ್ತಿ ಕಾಣುತ್ತಿರಲಿಲ್ಲ. ಅದು ಮಕ್ಕಳ ಕಲಿಕೆಯನ್ನೂ ಹಾಳು ಮಾಡುತ್ತದೆ. ಪೆಟ್ರೋಲಿನಿಂದ ಸೀಸ ಹೊರಹೋಗಲು ಆ ನಷ್ಟವನ್ನೂ ಗಣನೆಗೆ ತೆಗೆದುಕೊಂಡಿದ್ದು ಒಂದು ಕಾರಣ. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರಾಟವನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.