ಅಡಿಕೆ ನಾಡಿನ ಮಕ್ಕಳು ಮತ್ತು ಜೇಬಿನೊಳಗಿನ ಪೊಟ್ಟಣ

ಸಂಜೆ ಶಾಲೆ ಬಿಟ್ಟ ಮೇಲೆ ಶಿರಸಿಯಲ್ಲಿ ಹಳ್ಳಿ ಬಸ್ಸಿಗಾಗಿ ಕಾಯುವ ಮಕ್ಕಳಿಗೆ ಒಂದು ತಾಸಿನಷ್ಟು ಬಿಡುವು ಸಿಗುತ್ತದೆ. ಆ ಹೊತ್ತಿನಲ್ಲಿ ಗೂಡಂಗಡಿಗಳ ಕಡೆ ಸ್ವಲ್ಪ ಗಮನವಿಟ್ಟು ನೋಡಬೇಕು. ಸರವಾಗಿ ಇಳಿಬಿಟ್ಟ ಎರಡು ಬಗೆಯ ಪೊಟ್ಟಣಗಳಲ್ಲಿ ಒಂದೊಂದನ್ನು ಹರಿದುಕೊಂಡು, ಸಣ್ಣದರಲ್ಲಿದ್ದ ತಂಬಾಕನ್ನು ದೊಡ್ಡದರಲ್ಲಿದ್ದ ಪಾನ್ ಮಸಾಲೆಗೆ ಸುರಿದು, ಪೊಟ್ಟಣದ ತುದಿ ಮಡಚಿ ಕುಲುಕಿ, ಇನ್ನೂ ಮೀಸೆ ಚಿಗುರದ ಹುಡುಗ ತಲೆಯೆತ್ತಿ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಆದರೆ ಅದೇ ವಸ್ತು ಎರಡು ಪೊಟ್ಟಣಗಳಾಗಿ ಅಂಗಡಿಗೆ ಬಂದು, ಕೊಂಡವನ ಕೈಯಲ್ಲಿ ಮತ್ತೆ ಒಂದಾಗುತ್ತದೆ.

ಹದಿಹರೆಯದವರ ವ್ಯಸನದ ಮಾತು ಬಂದಾಗ ನಾವು ಮೊದಲು ನೆನೆಯುವುದು ಗಾಂಜಾವನ್ನು. ಆ ಆತಂಕ ಸುಳ್ಳಲ್ಲ. ಆದರೆ ಬಹಳಷ್ಟು ಮಕ್ಕಳ ಕೈಗೆ ಮೊದಲು ಸಿಗುವುದು ತಂಬಾಕು. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ 8.5ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಮತ್ತು ಹೊಗೆರಹಿತ ತಂಬಾಕಿನ ರುಚಿ ಕಂಡವರಲ್ಲಿ ಅರ್ಧದಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಅದನ್ನು ಕಂಡಿದ್ದರು. ಕರ್ನಾಟಕದ ಪ್ರಮಾಣ ಇದಕ್ಕಿಂತ ಕಡಿಮೆ ಎಂಬುದು ನಿಜವಾದರೂ ಅದರಿಂದ ನಾವು ನಿಶ್ಚಿಂತರಾಗುವಂತಿಲ್ಲ. ಏಕೆಂದರೆ ಆ ಲೆಕ್ಕ ತಂಬಾಕಿನದು. ತಂಬಾಕಿಲ್ಲದ ಪಾನ್ ಮಸಾಲೆ ಮತ್ತು ಸಿಹಿ ಸುಪಾರಿ ತಿನ್ನುವ ಮಕ್ಕಳು ಅದರಲ್ಲಿ ಸೇರುವುದಿಲ್ಲ.

ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಅಡಿಕೆಯನ್ನು ಅಮಲಿನ ಪದಾರ್ಥವೆಂದು ಯಾರೂ ಎಣಿಸುವುದಿಲ್ಲ. ಸುಗ್ಗಿಯಲ್ಲಿ ದೊಡ್ಡವರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಮಕ್ಕಳೂ ಪಕ್ಕದಲ್ಲಿರುತ್ತಾರೆ, ಬಂದ ನೆಂಟರ ಮುಂದೆ ಕವಳದ (ಎಲೆಯಡಿಕೆಯ) ತಬಕು ಬರುತ್ತದೆ, ಶಾಲೆಯ ಫೀಸಿನ ಹಣವೂ ತೋಟದಿಂದಲೇ ಬರುತ್ತದೆ. ಹಾಗಾಗಿ ಸಿಹಿ ಸುಪಾರಿಯ ಪೊಟ್ಟಣ ಹಿಡಿದ ಹನ್ನೆರಡರ ಬಾಲಕನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಅನ್ನಿಸುವುದೇ ಇಲ್ಲ, ಮನೆಯವರಿಗೂ ಅನ್ನಿಸುವುದಿಲ್ಲ. ನನ್ನ ಆತಂಕವಿರುವುದು ಇಲ್ಲಿಯೇ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಭ (ಸಸ್ಯಜನ್ಯ ರಾಸಾಯನಿಕ) ನರಮಂಡಲದಲ್ಲಿ ಸಂದೇಶಗಳನ್ನು ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ಎಚ್ಚರ, ಮೈಬಿಸಿ, ಹಿತವಾದ ಉತ್ತೇಜನ ಕೊಡುತ್ತದೆ. ಸುಣ್ಣ ಸೇರಿದಾಗ ಅದರ ಒಂದಂಶ ಅರೆಕೈಡಿನ್ ಎಂಬ ಇನ್ನೊಂದು ರಾಸಾಯನಿಕವಾಗಿ ಮಾರ್ಪಡುತ್ತದೆ. ತಂಬಾಕಿನ ನಿಕೋಟಿನ್ ಕೂಡ ಸುಣ್ಣದ ಕ್ಷಾರೀಯತೆಯಿಂದಾಗಿ ಕೆನ್ನೆಯ ಒಳಪೊರೆಯನ್ನು ಸುಲಭವಾಗಿ ದಾಟಿ ರಕ್ತ ಸೇರುತ್ತದೆ. ಮಿದುಳನ್ನು ತಲುಪಿದ ನಿಕೋಟಿನ್ ಡೋಪಮಿನ್ ಸ್ರಾವವನ್ನು ಹೆಚ್ಚಿಸುತ್ತದೆ. ಡೋಪಮಿನ್ ಆ ಅನುಭವವನ್ನು ಮತ್ತೆ ಬಯಸುವುದನ್ನು ಮಿದುಳಿಗೆ ಕಲಿಸುತ್ತದೆ. ಹದಿಹರೆಯದಲ್ಲಿ ಈ ಬಯಕೆಯ ಜಾಲ ಚುರುಕಾಗಿರುತ್ತದೆ, ಆದರೆ ಮುಂದಾಲೋಚನೆ ಮತ್ತು ಸಂಯಮಕ್ಕೆ ಆಧಾರವಾದ ಮುಮ್ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ನಿಕೋಟಿನ್ ಮತ್ತೆ ಮತ್ತೆ ಸಿಕ್ಕರೆ ಅದರ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಸಿಗದಾಗ ಸಿಡಿಮಿಡಿ, ನಿದ್ರೆಗೇಡು, ಪಾಠದಲ್ಲಿ ಗಮನ ನಿಲ್ಲದಿರುವುದು ಶುರುವಾಗುತ್ತದೆ. ಕೆಲವು ಮಕ್ಕಳಲ್ಲಿ ದಿನನಿತ್ಯದ ಬಳಕೆ ಆರಂಭವಾಗುವ ಮೊದಲೇ ಈ ಲಕ್ಷಣಗಳು ತೋರುತ್ತವೆ. ಹಾಗಿರುವಾಗ "ಮನಸ್ಸು ಗಟ್ಟಿ ಇದ್ದರೆ ಬಿಡಬಹುದು" ಎಂದು ಹದಿನಾಲ್ಕರ ಹುಡುಗನಿಗೆ ಉಪದೇಶಿಸುವುದು ನ್ಯಾಯವಲ್ಲ. ಯಾವುದನ್ನು ಗಟ್ಟಿ ಮಾಡಿಕೊಳ್ಳೆಂದು ಹೇಳುತ್ತಿದ್ದೇವೆಯೋ ಅದು ಅವನಲ್ಲಿ ಇನ್ನೂ ರೂಪುಗೊಳ್ಳುತ್ತಿದೆ.

ಬಾಯಿಯೊಳಗಿನ ಕಥೆ ಇನ್ನೂ ಕಠಿಣ. ಅರೆಕೋಲಿನ್ ಮತ್ತು ಅಡಿಕೆಯಲ್ಲಿರುವ ತಾಮ್ರದ ಅಂಶ ಸೇರಿ ಒಳಪೊರೆಯ ಕೆಳಗೆ ಕೊಲಾಜನ್ ನಾರು ಅತಿಯಾಗಿ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಕರಗದಂತೆ ಮಾಡುತ್ತವೆ. ಮೊದಲು ಕಾಣುವುದು ಖಾರ ತಿಂದರೆ ಉರಿ. ಉಪ್ಪಿನಕಾಯಿಯನ್ನು ಬಡಿಸಿಕೊಂಡು ತಿನ್ನುತ್ತಿದ್ದ ಮಗ ಅದನ್ನು ಎಲೆಯ ಬದಿಗೆ ಸರಿಸತೊಡಗಿದರೆ ತಾಯಿ ಅದನ್ನು ಗಮನಿಸಬೇಕು. ಆಮೇಲೆ ಕೆನ್ನೆಯ ಒಳಭಾಗ ಬಿಳಚುತ್ತದೆ, ಬೆರಳಿಗೆ ಗಟ್ಟಿ ಪಟ್ಟಿಗಳು ಸಿಗುತ್ತವೆ, ನಾಲಿಗೆ ಚಾಚುವುದು ಕಷ್ಟವಾಗುತ್ತದೆ. ಒದ್ದೆಯಿದ್ದಾಗ ಹೇಳಿದಂತೆ ಬಾಗುತ್ತಿದ್ದ ಅಡಿಕೆ ಹಾಳೆ ಒಣಗಿದ ಮೇಲೆ ಬಿರುಸಾಗುವ ಹಾಗೆ ಕೆನ್ನೆ ಬಿರುಸಾಗುತ್ತದೆ. ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ತೂರಿಸಲಾಗದಿದ್ದರೆ ಬಾಯಿ ಕಿರಿದಾಗಿದೆ ಎಂದೇ ತಿಳಿಯಬೇಕು. ಒಮ್ಮೆ ಕಟ್ಟಿದ ಈ ನಾರನ್ನು ಪೂರ್ತಿ ಅಳಿಸುವ ಔಷಧ ಇಲ್ಲ. ಕೇರಳದಲ್ಲಿ ಇಂತಹ ರೋಗಿಗಳನ್ನು 17 ವರ್ಷ ಗಮನಿಸಿದ ಅಧ್ಯಯನದಲ್ಲಿ ಶೇ 7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು.

ಈ ಮಾತು ತೋಟಿಗರಿಗೆ ಹಿತವಾಗುವುದಿಲ್ಲ. ಅಜ್ಜ ಎಂಬತ್ತು ದಾಟಿದರೂ ಕವಳ ಹಾಕುತ್ತಿದ್ದರಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಥ ಅಜ್ಜಂದಿರು ಇದ್ದಾರೆ. ಅಪಾಯ ಅವರಿಗೂ ಇತ್ತು. ಆದರೆ ಊಟವಾದ ಮೇಲೆ ಎಲೆ ಸುಣ್ಣ ಕೂಡಿಸಿ ಹಾಕುವ ಕವಳಕ್ಕೂ, ಜೇಬಿನಲ್ಲೇ ಇದ್ದು ದಿನಕ್ಕೆ ಎಷ್ಟು ಸಲ ಬೇಕಾದರೂ ಬಾಯಿಗೆ ಬೀಳುವ ಒಣ ಪೊಟ್ಟಣಕ್ಕೂ ವ್ಯತ್ಯಾಸವಿದೆ. ಪೊಟ್ಟಣ ತಿನ್ನುವವರ ಬಾಯಿ ಕವಳ ಹಾಕುವವರಿಗಿಂತ ಬೇಗ ಬಿಗಿಯುತ್ತದೆ ಎಂಬುದನ್ನು ಭಾರತದ ದಂತವೈದ್ಯರೇ ಕಂಡುಕೊಂಡಿದ್ದಾರೆ. ತೋಟದ ಬದುಕು ಉಳಿಯಬೇಕೆಂಬ ಆಸೆ ನನಗೂ ಇದೆ. ಆ ಆಸೆಗಾಗಿ ಮಕ್ಕಳೆದುರು ಸತ್ಯ ಮುಚ್ಚಿಡುವುದು ನನ್ನಿಂದಾಗದು.

ಕಾನೂನು ಸಾಕಷ್ಟಿದೆ. ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯ್ದೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎನ್ನುತ್ತದೆ. ಕರ್ನಾಟಕದ ತಿದ್ದುಪಡಿ ಕೊಳ್ಳುವವರ ಕನಿಷ್ಠ ವಯಸ್ಸನ್ನು 2025ರಲ್ಲಿ 21ಕ್ಕೆ ಏರಿಸಿದೆ. ಮಗುವಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸೆರೆವಾಸವಿದೆ. ಇವೆಲ್ಲ ಸಣ್ಣ ಪೊಟ್ಟಣದ ಮಾತಾಯಿತು. ತಂಬಾಕಿಲ್ಲದ ದೊಡ್ಡ ಪೊಟ್ಟಣಕ್ಕೆ ಈ ಕಟ್ಟುಗಳು ತಗಲುವುದಿಲ್ಲ. ಅಲ್ಲಿ ಕಾವಲು ಮನೆಯವರದ್ದು, ಶಾಲೆಯದ್ದು.

ಪೊಟ್ಟಣ ಸಿಕ್ಕಿದ ದಿನ ಹೊಡೆದು ಬಡಿದು, ಟಿಸಿ ಕೊಟ್ಟು ಕಳಿಸಿದರೆ ಹುಡುಗ ಬಿಡುವುದು ಶಾಲೆಯನ್ನೇ ಹೊರತು ಪೊಟ್ಟಣವನ್ನಲ್ಲ. ಯಾವಾಗ ಬೇಕೆನಿಸುತ್ತದೆ, ಯಾರ ಜತೆ, ತಿನ್ನದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಅವನೇ ಹೇಳುತ್ತಾನೆ. ಬಸ್ಸು ಕಾಯುವ ಹೊತ್ತು ಒಬ್ಬನ ಉತ್ತರವಾದರೆ, ಕರಾವಳಿಯಲ್ಲಿ ರಜೆಯಲ್ಲಿ ದೋಣಿಗೆ ಹೋಗುವವನಿಗೆ ರಾತ್ರಿಯ ನಿದ್ರೆ ಮತ್ತು ಹಸಿವನ್ನು ತಡೆಯುವುದೇ ಕಾರಣವಾಗಿರಬಹುದು. ಇಬ್ಬರಿಗೂ ಒಂದೇ ಭಾಷಣ ಸಾಲದು. ಬಿಟ್ಟ ಮೊದಲ ಮೂರು ನಾಲ್ಕು ದಿನ ಚಡಪಡಿಕೆ ಹೆಚ್ಚು, ಎರಡರಿಂದ ನಾಲ್ಕು ವಾರಗಳಲ್ಲಿ ಅದು ಇಳಿಯುತ್ತದೆ ಎಂಬುದನ್ನು ಮೊದಲೇ ತಿಳಿಸಿದ್ದರೆ ಅವನು ಹೆದರುವುದಿಲ್ಲ. ನಡುವೆ ಒಮ್ಮೆ ಜಾರಿದರೆ ಮರುದಿನದಿಂದ ಮತ್ತೆ ಆರಂಭಿಸುವುದಕ್ಕೆ ಮನೆಯವರ ಒತ್ತಾಸೆ ಬೇಕು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಮನಸ್ಸಿನ ಇತರ ಸಂಕಟಗಳಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಬಾಯಿಯಲ್ಲಿ ಉರಿ ಇದೆಯೆಂದ ಮಗುವನ್ನು ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು, ಏಕೆಂದರೆ ಆರಂಭದಲ್ಲೇ ಅಡಿಕೆ ನಿಲ್ಲಿಸಿದವರಲ್ಲಿ ಉರಿ ಕಡಿಮೆಯಾಗುವುದೂ, ಬಾಯಿ ಇನ್ನಷ್ಟು ಬಿಗಿಯದೆ ಅಲ್ಲಿಗೇ ನಿಲ್ಲುವುದೂ ಸಾಧ್ಯ.